ಹದಿನೆಂಟು ಮೀಟರ್

ಆಸ್ಪತ್ರೆ
ಗುರುವಾರ ಬೆಳಿಗ್ಗೆ

ನಮ್ಮ ಗಡಿಯಾರದಮ್ಮನಿಗೆ,

ಆಶೀರ್ವಾದ ಎಂದು ಶುರುಮಾಡಲು ಹೊರಟೆ, ಕೈ ಬರಲಿಲ್ಲ. ಹೊತ್ತಿನ ಲೆಕ್ಕ ಇಡುವವಳೆಂದು ದೋಣಿಯವರು ನಿನಗಿಟ್ಟ ಹೆಸರಿನಿಂದಲೇ ಕರೆದಿದ್ದೇನೆ, ಸಿಟ್ಟಾಗಬೇಡ. ಬಲಗೈಗೆ ಶಕ್ತಿ ಬಂದಿದೆ, ಬೆರಳ ತುದಿಯ ಜೋಮು ಮಾತ್ರ ಉಳಿದಿದೆ. ನಿನ್ನ ಅಮ್ಮನಿಗೂ ಹೇಳು. ಪತ್ರ ಓದಿದ ಮೇಲೆ ನನ್ನ ತಂಗಿಗೆ ಅಣ್ಣನ ಕೈಯ ಚಿಂತೆ ಉಳಿಯುತ್ತದೋ ಇಲ್ಲವೋ.

ನಿನ್ನನ್ನು ಡೈವಿಂಗ್ ಶಾಲೆಯ ಕೆಲಸದಿಂದ ತೆಗೆದರೆಂದು ಮೊನ್ನೆಯಷ್ಟೇ ತಿಳಿಯಿತು. ಎರಡು ಮುಳುಗಿನ ನಡುವೆ ಎಷ್ಟು ಹೊತ್ತು ದೋಣಿಯಲ್ಲಿ ಕೂರಬೇಕೆಂಬ ಲೆಕ್ಕ ತಪ್ಪಿದವಳು ಎಂಬ ಹೆಸರು ಬೇರೆ. ನಿನ್ನ ಲೆಕ್ಕ ತಪ್ಪಿರಲಿಲ್ಲ. ನಾನು ಹೇಳಿದ ಆಳ ತಪ್ಪಾಗಿತ್ತು.

ಆ ದಿನ ಬಂಡೆಗೆ ಸಿಕ್ಕಿಕೊಂಡ ಲಂಗರು ಬಿಡಿಸಲು ನಾನೊಬ್ಬನೇ ಇಳಿದೆನಲ್ಲ, ಮೇಲೆ ಬಂದಾಗ ವಿದ್ಯಾರ್ಥಿಗಳು ಸಿದ್ಧರಾಗಿ ಕುಳಿತಿದ್ದರು. ನೀನು ಸ್ಲೇಟು ಹಿಡಿದು ಆಳ ಎಷ್ಟು ಮಾವ ಅಂದೆ. ನಾನು ಹದಿನೆಂಟು ಮೀಟರ್ ಅಂದೆ. ಲಂಗರಿನ ಹಗ್ಗ ಇನ್ನೂ ಜಾಸ್ತಿ ಇಳಿದ ಹಾಗಿತ್ತಲ್ಲ, ಗೇಜು ಕೊಡಿಲ್ಲಿ ಎಂದು ನೀನು ಎಂದಿನಂತೆ ಕೈ ಚಾಚಿದೆ. ನಾನು ಆಳ ತೋರಿಸುವ ಆ ಗೇಜನ್ನು ಚೀಲಕ್ಕೆ ತುರುಕಿ, ನೀನು ತೊಟ್ಟಿಲಲ್ಲಿದ್ದಾಗಿಂದ ಮುಳುಗ್ತಿದ್ದೀನಿ ಕಣೇ ಅಂದೆ. ಎಲ್ಲರೂ ನಕ್ಕರು. ನೀನು ತಲೆ ತಗ್ಗಿಸಿ ಹದಿನೆಂಟು ಎಂದು ಬರೆದೆ, ಕೋಷ್ಟಕದ ಮೇಲೆ ಬೆರಳಾಡಿಸಿ ಅದಕ್ಕೆ ತಕ್ಕ ವಿರಾಮ ಹೇಳಿದೆ. ಗಾಳಿ ಏಳುವುದರೊಳಗೆ ಮುಗಿಸುವ ಅವಸರದಲ್ಲಿ ನಾನು ಅಂದಾಜಿನ ಅಂಕಿ ಕೊಟ್ಟಿದ್ದೆ. ನಿನ್ನೆ ದೋಣಿಯವನಿಗೆ ಫೋನ್ ಮಾಡಿ ಹಗ್ಗ ಅಳೆಸಿದೆ. ಇಪ್ಪತ್ತೆಂಟರ ಹತ್ತಿರ.

ತರಗತಿಯಲ್ಲಿ ನನ್ನ ಭಾಷಣ ನಿನಗೆ ಬಾಯಿಪಾಠ. ನೀರೊಳಗೆ ಮೈ ಸಾರಜನಕ ಹೀರುತ್ತದೆ, ಆಳ ಹೆಚ್ಚಿದಷ್ಟೂ ಹೆಚ್ಚು. ಮೇಲೆ ಕೂತು ಅದನ್ನು ಹೊರಗೆ ಬಿಡಿ, ಹಸಿ ಬಟ್ಟೆಯನ್ನು ಒಣಗುವ ಮೊದಲೇ ಮತ್ತೆ ನೀರಿಗೆ ಹಾಕಬೇಡಿ ಎನ್ನುತ್ತಿದ್ದೆ. ನಾನೇ ಹಸಿಯಾಗಿ ವಿದ್ಯಾರ್ಥಿಗಳ ಜೊತೆ ಮತ್ತೆ ಇಳಿದೆ. ಮೇಲೆ ಬಂದ ಸ್ವಲ್ಪ ಹೊತ್ತಿಗೆ ಕೈ ಸತ್ತುಹೋಯಿತು. ವಿದ್ಯಾರ್ಥಿಗಳು ಒಂದು ಸಲ ಮಾತ್ರ ಇಳಿದಿದ್ದರಿಂದ ಬಚಾವಾದರು.

ಇದಕ್ಕಿಂತ ನಾಚಿಕೆಗೇಡು ಮುಂದಿನದು. ಮೈಯ ಸಾರಜನಕ ಇಳಿಸುವ ಒತ್ತಡದ ಕೋಣೆಯಿಂದ ನನ್ನನ್ನು ಹೊರತಂದ ದಿನ ಮಾಲೀಕರು ಬಂದು, ಹುಡುಗಿ ಲೆಕ್ಕ ತಪ್ಪಿದಳಾ ಎಂದು ಕೇಳಿದರು. ಇಲ್ಲ ಅನ್ನಲು ಒಂದು ಉಸಿರು ಸಾಕಿತ್ತು. ನಾನು, ಚಿಕ್ಕವಳು ಬಿಡಿ ಸಾರ್ ಅಂದೆ. ನಿಮ್ಮದು ದೊಡ್ಡ ಮನಸ್ಸು ಎಂದು ಭುಜ ತಟ್ಟಿ ಹೋದರು. ಕೇಳಿಸಿಕೊಂಡ ನರ್ಸಮ್ಮ ನನಗೆ ಇನ್ನೊಂದು ದಿಂಬು ತಂದುಕೊಟ್ಟಳು. ಅದರ ಮೇಲೇ ತಲೆಯಿಟ್ಟು ಮಲಗಿದೆ. ನಿನ್ನನ್ನು ದೂರಿದ್ದರೆ ಯಾರಾದರೂ ಅನುಮಾನಪಡುತ್ತಿದ್ದರು. ಕ್ಷಮಿಸಿದೆ ನೋಡು, ಎಲ್ಲರೂ ನಂಬಿಬಿಟ್ಟರು.

ನಿನ್ನೆ ಮಾಲೀಕರನ್ನು ಕರೆಸಿ, ಅಂಕಿ ನನ್ನದು, ಅವಸರದಲ್ಲಿ ಹೇಳಿದ್ದು ಎಂದು ಒಪ್ಪಿಕೊಂಡೆ. ಮೊದಲೇ ಹೇಳೋಕೆ ಏನು ಧಾಡಿ ನಿಮಗೆ ಅಂದರು. ನಿನಗೆ ಅವರೇ ಫೋನ್ ಮಾಡುತ್ತಾರೆ. ಹೋಗುವುದು ಬಿಡುವುದು ನಿನ್ನಿಷ್ಟ. ಹೋಗು ಎನ್ನುವ ಬಾಯಿ ನನಗಿಲ್ಲ.

ನಿನ್ನ
ಸೋದರಮಾವ

ತಾ.ಕ.: ಅವಸರ ಎಂದು ಬರೆದದ್ದನ್ನು ಓದಿದರೆ ನನಗೇ ಅಸಹ್ಯವಾಗುತ್ತದೆ. ಗೇಜಿನ ಮುಳ್ಳು ಕಂಡಿತ್ತು, ಅಂಕಿ ಕಾಣಲಿಲ್ಲ. ಕಳೆದ ವರ್ಷದಿಂದಲೇ ಕಾಣುತ್ತಿಲ್ಲ. ಹತ್ತಿರದ್ದು ಕಾಣಲು ಮಾಸ್ಕಿನ ಗಾಜಿಗೆ ಅಂಟಿಸುವ ಪುಟ್ಟ ಮಸೂರ ಸಿಗುತ್ತದೆ. ಹುಡುಗರು ತಾತ ಅಂದಾರು ಎಂದು ಕೊಳ್ಳಲಿಲ್ಲ. ಪ್ರತಿ ಸಲ ಗೇಜನ್ನು ನಿನ್ನ ಕೈಗಿತ್ತು, ಓದು, ಕಲಿತುಕೋ ಎನ್ನುತ್ತಿದ್ದೆನಲ್ಲ, ಅದು ಪಾಠವಾಗಿರಲಿಲ್ಲ ಮಗಳೇ. ಆ ದಿನ ಹುಡುಗರ ಮುಂದೆ ಬಾಯಿಗೆ ಬಂದ ಅಂಕಿ ಹೇಳಿಬಿಟ್ಟಿದ್ದೆ, ಗೇಜು ಕೊಟ್ಟಿದ್ದರೆ ಅದು ಬಯಲಾಗುತ್ತಿತ್ತು. ಇದನ್ನು ಮಾಲೀಕರಿಗೆ ಇನ್ನೂ ಹೇಳಿಲ್ಲ. ಈ ಹಾಳೆಯನ್ನು ಅವರಿಗೆ ತೋರಿಸು.