ಉಜ್ಜಿ ತೊಳೆದ ದಿಮ್ಮಿ

ಆಗಸ್ಟ್ 19, ಮಂಗಳವಾರ

ಸೂಕ್ಷ್ಮದರ್ಶಕದಡಿ ಇನ್ನೂ ಹೋದ ವಾರದ ಸ್ಲೈಡೇ ಇದೆ. ಸಾಸಿವೆಗಿಂತ ಸಣ್ಣ ಬಟ್ಟಲಣಬೆ, ಅಂಚಿನ ಸುತ್ತ ಬಿಳಿ ಕೂದಲು, ಪ್ರತಿ ಕೂದಲಿನ ತುದಿಯಲ್ಲೂ ಹರಳಿನ ಗೊಂಚಲು. ನನ್ನ ಯಾವ ಪುಸ್ತಕದಲ್ಲೂ ಇಂಥದ್ದಿಲ್ಲ. ಆದರೆ ಇದು ಎಳೆಯದು, ಬೀಜಕಣ ಕಟ್ಟಿಲ್ಲ. ಬೀಜಕಣ ನೋಡದೆ ಹೆಸರು ಹೇಳುವಂತಿಲ್ಲ. ಉಳಿದವು ಬಲಿಯಲಿ ಎಂದು ಹೊರಮಾವಿನ ಮುನಿಶಾಮಮ್ಮನ ಹಿತ್ತಿಲಲ್ಲಿ, ಅವು ಎದ್ದಿದ್ದ ಹಳೇ ಮರದ ದಿಮ್ಮಿಯ ಮೇಲೇ ಬಿಟ್ಟಿದ್ದೆ. ‘ನಿಮ್ಮ ದಿಮ್ಮಿ ನೋಡಲು ಮಂಗಳವಾರ ಬರುತ್ತೇನೆ’ ಎಂದಿದ್ದೆ, ಅಷ್ಟೇ; ಅಣಬೆಯ ಮಾತೆತ್ತಿರಲಿಲ್ಲ.

ಇವತ್ತು ಹೋದರೆ ದಿಮ್ಮಿ ಬೆಳ್ಳಗೆ ಹೊಳೆಯುತ್ತಿತ್ತು. ಹಿತ್ತಿಲೆಲ್ಲ ಬ್ಲೀಚಿಂಗ್ ಪೌಡರಿನ ವಾಸನೆ.

“ನೀವ್ ಬತ್ತೀರಂತ ಬೂಷ್ಟೆಲ್ಲಾ ಉಜ್ಜಿ ತೊಳ್ದಿಕ್ಕಿವ್ನಿ ಕಣಮ್ಮಾ. ಕೂತ್ಕಳಿ, ಕಾಫಿ ತತ್ತೀನಿ.”

ಮುದುಕಿಯ ಬೆರಳುಗಳು ಬಿಳಿಚಿ ಸಿಪ್ಪೆ ಎದ್ದಿದ್ದವು. ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಲಿ?

ಆ ದಿಮ್ಮಿಯ ಮೇಲೇ ಕುಳಿತು ಕಾಫಿ ಕುಡಿದೆ. ಚೆನ್ನಾಗಿದೆ ಎಂದೆ.