ಚಿನ್ನದ ಹೆಲ್ಮೆಟ್ಟು ಯಾರ ತಲೆಗೆ?

ಇರ್ಮೆಲಿ ಅಕ್ಕಾ,

ಐಸ್ ಹಾಕಿಯ ಋತು ಶುರುವಾಗುವ ಮೊದಲೇ ನಮ್ಮ ತಂಡದ ಹೊಸಬರನ್ನು ನೋಡೋಣವೆಂದು ಕಾಯಾನಿ ಊರಿನ ಅಭ್ಯಾಸ ಪಂದ್ಯಕ್ಕೆ ಬಂದೆ. ಬೇಸಿಗೆಯಲ್ಲಿ ನಮ್ಮ ಮ್ಯಾನೇಜರ್ ಬಿಟ್ಟುಕೊಟ್ಟ ಮೂವರು ಹಳೇ ಆಟಗಾರರು ಎದುರಾಳಿಗಳಾದ ಇಲ್ಲಿನ ತಂಡಕ್ಕೆ ಆಡಿ, ಗೋಲುಗಳನ್ನೆಲ್ಲ ಅವರೇ ಹೊಡೆದರು. ಹಳೇ ಚಾಳಿ, ನಾನು ಎದ್ದು ಕುಣಿದೆ.

"ಕುಣಿಯೋಕೆ ನಾವಿದೀವಲ್ಲ, ನೀವ್ಯಾಕೆ ಕಷ್ಟಪಡ್ತೀರಿ?" ಎಂದಳು ಪಕ್ಕದಲ್ಲಿದ್ದ ಇಲ್ಲಿನ ತಂಡದ ಅಭಿಮಾನಿ ಮುದುಕಿ.

ನಮ್ಮ ಹೊಸಬರೋ, ಬಾತುಕೋಳಿಗಳ ಮೆರವಣಿಗೆ! ತಂಡದಲ್ಲಿ ಹೆಚ್ಚು ಗೋಲು ಹೊಡೆದವನು ತೊಡುವ ಚಿನ್ನದ ಬಣ್ಣದ ಹೆಲ್ಮೆಟ್ಟು ಪೆಟ್ಟಿಗೆಯಲ್ಲೇ ಕೂತಿತ್ತು. ಹೊರಗೆ ನಮ್ಮ ಮ್ಯಾನೇಜರ್ ಸಿಕ್ಕ. "ಅದನ್ನ ನೀವೇ ಹಾಕ್ಕೊಳ್ಳಿ, ಇವತ್ತಿನ ಗೋಲೆಲ್ಲ ನಿಮ್ಮ ಕೊಡುಗೆ ತಾನೆ?" ಎಂದೆ.

ಕೂಗಿ ಕೂಗಿ ಗಂಟಲು ಕಟ್ಟಿದೆ, ಬಿಸಿ ಹಬೆ ತೆಗೆದುಕೊಳ್ಳಲು ಸೌನಾ ಕಾಯಿಸಿಡು. ಚಳಿಗಾಲವಿಡೀ ಇವರನ್ನು ಬೈಯುವಾಗ ಕೇಳಲು ಯಾರಾದರೂ ಪಕ್ಕದಲ್ಲಿರಬೇಕಲ್ಲ, ನಿನಗೂ ಸೇರಿಸಿ ನಮ್ಮ ತಂಡದ ಇಡೀ ಋತುವಿನ ಟಿಕೆಟ್ ತೆಗೆದಿದ್ದೇನೆ.

ಬಸ್ಸು ಹೊರಟಿತು.
ನಿನ್ನ ತಮ್ಮ ತಾರ್ಮೊ