ಬರಿಬಾಯಿಯ ತೀರ್ಪು

ವಿಜಯಪುರ, ಇಸವಿ ೨೪೧೭, ಪುಷ್ಯ ಮಾಸದ ಮೂವತ್ತೆಂಟನೆಯ ದಿನ

ನಾಲ್ಕು ಶತಮಾನಗಳ ಹಿಂದಿನ ಹಿರಿಯರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮ ತಿಂಗಳಿಗೆ ನಲವತ್ತು ದಿನ. ನಿಮ್ಮ ಕನ್ನಡವನ್ನು ಹಳೆಯ ಹಾಳೆಗಳಿಂದ ಕಲಿತವಳು ನಾನು, ಮಾತು ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಕಳೆದ ಕಾಲಕ್ಕೆ ಹೋಗುವ ಟಪಾಲನ್ನು ನಾವು ಹಿಂದಂಚೆ ಎನ್ನುತ್ತೇವೆ. ಅದು ಒಬ್ಬೊಬ್ಬರಿಗೆ ಆಯುಷ್ಯದಲ್ಲಿ ಒಂದೇ ಸಲ ಸಿಗುತ್ತದೆ. ತೀರಿಹೋದ ಅಜ್ಜಿಗೆ ಬರೆಯಬೇಕೆಂದು ನನ್ನದನ್ನು ಇಟ್ಟುಕೊಂಡಿದ್ದೆ. ಈಗ ಅಗ್ಗದ ವೈನನ್ನು ಬಾಟಲಿಗೆ ತುಂಬುವ ನಿಮಗೆ ಬರೆಯುತ್ತಿದ್ದೇನೆ.

ನಾನು ಈ ಊರಿನ ನಾಲಿಗೆದಾರ್ತಿ. ಯಾವ ಬೆಳೆ ಉಳಿಯಬೇಕು, ಯಾವುದನ್ನು ಕೀಳಬೇಕು ಎಂದು ರುಚಿ ನೋಡಿ ಹೇಳುವುದು ನನ್ನ ಹುದ್ದೆ. ಹಿಂದಿನ ಸಂಜೆಯಿಂದ ಉಪವಾಸವಿದ್ದು, ಬಿಸಿನೀರಲ್ಲಿ ಬಾಯಿ ಮುಕ್ಕಳಿಸಿ, ಸುಣ್ಣ ಬಳಿದ ಕೋಣೆಯಲ್ಲಿ ಒಬ್ಬಳೇ ಕೂತು ನೋಡಬೇಕು. ಇದಕ್ಕೆ ಬರಿಬಾಯಿ ಎನ್ನುತ್ತಾರೆ. ಆ ಬೆಳೆ ಬೆಳೆದವರು ತೀರ್ಪಿಗೆ ಮೊದಲು ನನ್ನ ಜೊತೆ ಮಾತಾಡುವಂತಿಲ್ಲ. ಊಟಕ್ಕೆ ಕೂತಾಗ ನಮ್ಮಲ್ಲಿ ಯಾರೂ ನೀರನ್ನು ಸಹ ಮುಟ್ಟುವುದಿಲ್ಲ. ನೀರು ಅಳೆದು ಕೊಡುತ್ತಿದ್ದ ಕಾಲದಲ್ಲಿ ಉಣ್ಣಲು ಒಂದು ಗಂಟೆ, ಕುಡಿಯಲು ಇನ್ನೊಂದು ಗಂಟೆ ಬಾರಿಸುತ್ತಿದ್ದರಂತೆ. ಕೊರತೆ ಹೋಯಿತು, ಗಂಟೆ ಉಳಿಯಿತು. ತುತ್ತಿನ ನಡುವೆ ಗುಟುಕು ಹಾಕುವವರನ್ನು ಸಂಸ್ಕಾರವಿಲ್ಲದವರು ಎನ್ನುತ್ತೇವೆ.

ಊರಾಚೆಯ ಗಾಜಿನಮನೆಯಲ್ಲಿ ಮೂವತ್ತು ದ್ರಾಕ್ಷಿ ಬಳ್ಳಿಗಳಿದ್ದವು. ನಿಮ್ಮ ಕಾಲದ ತಳಿಯಲ್ಲಿ ಭೂಮಿಯ ಮೇಲೆ ಉಳಿದದ್ದು ಅಷ್ಟೇ. ಮಲಕಪ್ಪ ಕಾಕಾ ನಲವತ್ತು ವರ್ಷ ಅವನ್ನು ಸಾಕಿ, ವರ್ಷವರ್ಷವೂ ಕೆಂಪು ವೈನ್ ಮಾಡುತ್ತಿದ್ದರು. ಆ ಜಾಗದಲ್ಲಿ ತೊಗರಿ ಬೆಳೆಯೋಣ ಎಂದು ಸಭೆ ಹೇಳಿತು, ತೀರ್ಪು ಕೊಡುವುದು ನನ್ನ ಪಾಲಿಗೆ ಬಂತು. ನಿನ್ನೆ ಬೆಳಿಗ್ಗೆ ಬರಿಬಾಯಿಯಲ್ಲಿ ಒಂದು ಗುಟುಕು ಕುಡಿದೆ. ಹುಳಿ, ಒಗರು; ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತು. "ರುಚಿ ಕೀಳು. ಬಳ್ಳಿ ಬೇಡ" ಎಂದು ಬರೆದುಕೊಟ್ಟೆ. ಮಧ್ಯಾಹ್ನದೊಳಗೆ ಬೇರುಸಮೇತ ಕಿತ್ತು ಸುಟ್ಟರು.

ಸಂಜೆ ಕಾಕಾನ ಮನೆಗೆ ಮುಖ ತೋರಿಸಲು ಹೋದೆ. ಕಾಕಾ ಗೋಡೆ ಕಡೆ ತಿರುಗಿ ಕೂತಿದ್ದರು. ಬೋರಮ್ಮ ಕಾಕಿ ತಟ್ಟೆ ಹಾಕಿದರು: ಕಟಕ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆಂಪು ಖಾರ, ಮೊಸರು. ಪಕ್ಕದಲ್ಲೇ ಅದೇ ವೈನಿನ ಲೋಟ ಇಟ್ಟರು. ನನಗೆ ನಾಚಿಕೆಯಾಯಿತು, ಇದೇನು ಅನಾಚಾರ ಎಂದುಕೊಂಡೆ. ಅವರ ಬಳ್ಳಿ ಕೀಳಿಸಿ ಬಂದವಳು ಬೇಡ ಎನ್ನುವುದು ಹೇಗೆ? ಬದನೆಕಾಯಿಯ ಒಂದು ತುತ್ತು ತಿಂದು ಒಂದು ಗುಟುಕು ಕುಡಿದೆ.

ಹಿರಿಯರೇ, ಬೆಳಿಗ್ಗೆ ಕುಡಿದದ್ದು ಇದಲ್ಲವೇ ಅಲ್ಲ! ಒಗರನ್ನು ಶೇಂಗಾದ ಜಿಡ್ಡು ನುಂಗಿತ್ತು, ಎಣ್ಣೆಯ ಭಾರವನ್ನು ಹುಳಿ ಇಳಿಸಿತ್ತು, ಹಣ್ಣಿನ ವಾಸನೆ ಆಮೇಲೆ ಮೆಲ್ಲಗೆ ಎದ್ದು ಬಂತು. ಕೆಂಪು ಖಾರದ ಜೊತೆ ನೋಡಿದೆ, ಬಾಯಿ ಉರಿದುಹೋಯಿತು; ಅದಕ್ಕೆ ಮೊಸರು ಸೇರಿಸಿದ ಮೇಲೆ ಸರಿಹೋಯಿತು. ನಾನು ಕೈಯಲ್ಲಿ ರೊಟ್ಟಿ ಹಿಡಿದು ಹಾಗೇ ಅತ್ತುಬಿಟ್ಟೆ. ಕಾಕಿ ಆಗ ಹೇಳಿದರು: "ಬರೇ ಹುಣಸಿಹಣ್ಣು ತಿಂದು ಸಾರು ಹುಳಿ ಅಂತ ತೀರ್ಪು ಕೊಟ್ಟಂಗಾತಲ್ಲ ತಂಗಿ. ನಮ್ಮ ಮನ್ಯಾಗ ಇದನ್ನ ಊಟದ ಜೋಡಿನೇ ಕುಡೀತಿದ್ವಿ, ಕದ್ದು. ನಿಮಗ ಹೇಳೂ ಹಂಗಿರಲಿಲ್ಲ." ಕಾಕಾ ಆಗಲೂ ತಿರುಗಲಿಲ್ಲ.

ಕಿತ್ತದ್ದನ್ನು ಮರಳಿ ನೆಡಲು ನನ್ನ ಕೈಲಾಗದು, ನಿಮ್ಮಿಂದ ಆದೀತು. ಬಾಟಲಿಗೆ ಅಂಟಿಸುವ ಚೀಟಿಯನ್ನು ತಲೆಮಾರಿನಿಂದ ತಲೆಮಾರಿಗೆ ಒಂದಕ್ಷರ ಬಿಡದೆ ನಕಲು ಮಾಡುವುದು ಕಾಕಾನ ಮನೆತನದ ರೂಢಿ. ರುಚಿ ನೋಡುವ ಮುಂಚೆ ನಾನು ಓದಬಹುದಾದದ್ದು ಅದೊಂದನ್ನೇ. ನಿನ್ನೆ ಅದರಲ್ಲಿದ್ದದ್ದು "ತಂಪಾದ ಜಾಗದಲ್ಲಿ ಇಡಿ" ಎಂಬ ಮಾತು ಮಾತ್ರ. ದಿನಾ ಊಟದ ಜೊತೆ ಕುಡಿಯುವುದನ್ನು ಬರೆದಿಡುವುದೇಕೆ ಎಂದು ನೀವು ಸುಮ್ಮನಿದ್ದಿರಬೇಕು. ದಯವಿಟ್ಟು ಅದರ ಕೆಳಗೆ "ಎಣ್ಣೆಗಾಯಿ, ರೊಟ್ಟಿಯ ಜೊತೆ" ಎಂದು ಒಂದು ಸಾಲು ಸೇರಿಸಿ. ಅಕ್ಷರ ದಪ್ಪಗಿರಲಿ; ಅದನ್ನು ಓದಿದರೆ ನಿನ್ನೆಯ ನಾನು ಬರಿಬಾಯಿಯಲ್ಲಿ ತೀರ್ಪು ಬರೆಯಲಾರೆ.

ಈ ಕಾಗದ ಇಂದೇ ಹೊರಡುತ್ತದೆ. ನಾಳೆ ಬೆಳಿಗ್ಗೆ ಕಾಕಾನನ್ನು ಕರೆದುಕೊಂಡು ಹೋಗಿ ಗಾಜಿನಮನೆಯ ಬಾಗಿಲು ತೆಗೆಯುತ್ತೇನೆ.

ನಿಮ್ಮ ಮೊಮ್ಮಕ್ಕಳ ಮೊಮ್ಮಗಳು,
ನೀಲಾಂಬಿಕೆ ತಿಕೋಟಿ